ಜೇನುಗೂಡಿನ ಮುದ್ರೆಯ ಚಮಚ

ಲೋಶ್, 7 ಮಾರ್ಚ್ 1955

ಮಾನ್ಯ ಮೊಸ್ಯು ರುವಿಯೇರ್ ಅವರಿಗೆ,

ನಮ್ಮೂರಿನ ನೋಟರಿಯ ಕಚೇರಿಯಲ್ಲಿ ಕಾಯುತ್ತ ಕುಳಿತಿದ್ದಾಗ ಹಳೆಯ ವಸ್ತುಗಳ ಪತ್ರಿಕೆಯೊಂದು ಕೈಗೆ ಸಿಕ್ಕಿತು. ಕೊನೆಯ ಪುಟದಲ್ಲಿ ನಿಮ್ಮ ಜಾಹೀರಾತು: 'ಬೆಳ್ಳಿಯ ಊಟದ ಚಮಚ. ತಯಾರಕನ ಮುದ್ರೆಯಲ್ಲಿ ಎ, ರ ಅಕ್ಷರಗಳು, ನಡುವೆ ಜೇನುಗೂಡು. ಯಾರದೆಂದು ಬಲ್ಲವರು ತಿಳಿಸಬೇಕು.'

ಅದೇ ಮುದ್ರೆಯ ಫೋರ್ಕ್ ಒಂದು ನನ್ನ ಬಳಿ ಇದೆ. ಮಾರುವುದಿಲ್ಲ, ಬರೀ ಕುತೂಹಲ. ನಿಮ್ಮ ಚಮಚದ ಹಿಂಬದಿಯಲ್ಲಿ ಹೆಸರೇನಾದರೂ ಕೊರೆದಿದೆಯೇ?

ಹೊನೊರಿನ್ ಗಾರೊ


ಸೇಂತ್-ಉವಾಂ ಸಂತೆ, 11 ಮಾರ್ಚ್ 1955

ಮದಾಮ್ ಗಾರೊ,

'ಮಾರುವುದಿಲ್ಲ' ಎಂದು ಮೊದಲ ಕಾಗದದಲ್ಲೇ ಹೇಳುವವರು ನನಗೆ ಇಷ್ಟ. ಮೂರನೆಯ ಕಾಗದದಲ್ಲಿ ಅವರೇ ಬೆಲೆ ಕೇಳುತ್ತಾರೆ. ಕೋಪ ಬೇಡ. ನಲವತ್ತು ವರ್ಷದಿಂದ ಇದೇ ಸಂತೆಯಲ್ಲಿ ಕೂತವನ ನಾಲಿಗೆ ಇದು. ಹದಿಮೂರಕ್ಕೆ ಬೆನ್ನ ಮೇಲೆ ಬುಟ್ಟಿ ಹೊತ್ತು ಪ್ಯಾರಿಸ್ಸಿನ ಕಸದಲ್ಲಿ ಚಿಂದಿ ಆಯ್ದವನು ನಾನು. ಒಂದು ದಿನ ಚಿಂದಿಯಲ್ಲಿ ಬೇರೊಂದು ಚಮಚ ಸಿಕ್ಕಿತು. ಅದರ ಮೇಲಿದ್ದ ಎರಡು ಅಕ್ಷರ ಓದಲೆಂದೇ ಓದು ಕಲಿತೆ. ಆದ್ದರಿಂದ ನನ್ನ ವರ್ಣಮಾಲೆ ಸ್ವಲ್ಪ ಬೆಳ್ಳಿಯದು.

ನಿಮ್ಮ ಫೋರ್ಕನ್ನು ಬೆಳಕಿಗೆ ಹಿಡಿಯಿರಿ. ಎಂಟು ಮೂಲೆಯ ಚೌಕಟ್ಟಿನಲ್ಲಿ ಶಿರಸ್ತ್ರಾಣ ತೊಟ್ಟ ಹೆಂಗಸಿನ ತಲೆ ಕಾಣಬೇಕು. ಅದು ಮಿನರ್ವಾ, ಸರ್ಕಾರದ ಸಾಕ್ಷಿ. ಅವಳ ಹಣೆಯ ಮುಂದೆ 'ಒಂದು' ಎಂದಿದ್ದರೆ ಉತ್ತಮ ಬೆಳ್ಳಿ. ಪಕ್ಕದಲ್ಲಿ ಇಸ್ಪೀಟಿನ ಡೈಮಂಡಿನ ಆಕಾರದ್ದು ತಯಾರಕನ ಮುದ್ರೆ. ಡೈಮಂಡಿನ ಬದಲು ಚೌಕ ಕಂಡರೆ ಒಳಗೆ ಹಿತ್ತಾಳೆ, ಮೇಲೆ ಬೆಳ್ಳಿಯ ನೀರು. ಅಂಥದ್ದಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗಿ.

ನನ್ನ ಪುಸ್ತಕದಲ್ಲಿ ಆರು ಸಾವಿರ ಡೈಮಂಡುಗಳಿವೆ. ಆನೆ, ಆಮೆ, ಲಂಗರು, ಬಿರಡೆ, ಬೂಟು ಎಲ್ಲ ಇವೆ. ಜೇನುಗೂಡು ಮಾತ್ರ ಇಲ್ಲ. ಇದು ನನಗೆ ಹಲ್ಲಿನ ನಡುವೆ ಸಿಕ್ಕ ನಾರಿನ ಹಾಗಾಗಿದೆ.

ಹೆಸರಿನ ಮಾತು. ಇತ್ತು, ಕೆರೆದು ತೆಗೆದಿದ್ದಾರೆ. ನಮ್ಮ ಕಸುಬಿನವರೂ ತೆಗೆಯುತ್ತೇವೆ, ಮಾರಲು. ಆದರೆ ನಾವು ಅರದಿಂದ ತಿಕ್ಕಿ ಹೊಳಪು ಕೊಟ್ಟು ಏನೂ ಆಗಿಲ್ಲವೆಂಬಂತೆ ಮಾಡುತ್ತೇವೆ. ಇದನ್ನು ಯಾರೋ ಅಡುಗೆಮನೆಯ ಚಾಕುವಿನಿಂದ ಕೆರೆದಿದ್ದಾರೆ. ಮಾರುವ ಉದ್ದೇಶದ ಕೆಲಸವಲ್ಲ, ಸಿಟ್ಟಿನ ಕೆಲಸ.

ಕೆಂಪು ಮೇಣದ ಸಿಪ್ಪೆಯ ಚೀಸ್ ಮನೆಯಲ್ಲಿದ್ದರೆ ಆ ಮೇಣವನ್ನು ಬೆಚ್ಚಗೆ ಮಾಡಿ ನಿಮ್ಮ ಮುದ್ರೆಯ ಮೇಲೆ ಒತ್ತಿ ಕಳಿಸುತ್ತೀರಾ? ಚೀಸ್ ತಿನ್ನುವುದು ನಿಮ್ಮ ಪಾಲು.

ಬಾಸಿಲ್ ರುವಿಯೇರ್


ಲೋಶ್, 15 ಮಾರ್ಚ್ 1955

ಮೊಸ್ಯು ರುವಿಯೇರ್,

ಮೇಣ ಇದರೊಂದಿಗಿದೆ.

ಜೇನುಗೂಡು ಎತಿಯೆನ್ ರಾಗನೊ ಅವರದು. ಸೇಂತ್-ಉರ್ಸ್ ಚರ್ಚಿನ ಹಿಂದೆ ಅವರ ಕೆಲಸದ ಕೋಣೆ ಇತ್ತು. ಅವರ ಹೆಂಡತಿ ಜೇನು ಸಾಕುತ್ತಿದ್ದರು, ಅದಕ್ಕೇ ಆ ಗುರುತು. ವರ್ಷಕ್ಕೆ ನಾಲ್ಕೈದು ಜೊತೆಗಿಂತ ಹೆಚ್ಚು ಮಾಡಿದವರಲ್ಲ. ಎಲ್ಲವೂ ನಾಮಕರಣದ ಉಡುಗೊರೆಗಳು, ಮಗುವಿಗೊಂದು ಚಮಚ, ಒಂದು ಫೋರ್ಕ್. 1899ರಲ್ಲಿ ತೀರಿಕೊಂಡಾಗ ಸರ್ಕಾರದವರು ಬಂದು ಅವರ ಅಚ್ಚನ್ನು ಒಯ್ದು, ಗೀರು ಹಾಕಿ ಕೆಡಿಸಿದರು. ಆ ಮುದ್ರೆಯ ಬೆಳ್ಳಿ ಈ ಊರು ಬಿಟ್ಟು ಹೋದದ್ದನ್ನು ಒಮ್ಮೆ ಮಾತ್ರ ಬಲ್ಲೆ.

ಫೋರ್ಕ್ ನಮ್ಮ ಸಂಬಂಧಿಕರೊಬ್ಬರದು. 1916ರಲ್ಲಿ ಯುದ್ಧದಲ್ಲಿ ಹೋದರು. ಅವರ ಚಮಚ ಅವರ ಜೊತೆಗೇ ಇತ್ತು.

ತಿಂಗಳ ಮೊದಲ ಮಂಗಳವಾರ ನಾನು ಬಸ್ಸಿನಲ್ಲಿ ತೂರ್ ಪಟ್ಟಣಕ್ಕೆ ಹೋಗುತ್ತೇನೆ. ಮುದ್ರೆಗಳ ಕಚೇರಿಯಲ್ಲಿ ಕೇಳಿ ಬರಬೇಕಾದ್ದು ಏನಾದರೂ ಇದ್ದರೆ ತಿಳಿಸಿ.

ನಿಮ್ಮ ಚಮಚದ ಯಾವ ಅಂಚು ಸವೆದಿದೆ?

ಹೊ. ಗಾರೊ


ಸೇಂತ್-ಉವಾಂ, 21 ಮಾರ್ಚ್ 1955

ಮದಾಮ್,

ಮೇಣ ಬಂತು. ಭೂತಗನ್ನಡಿ ಹಿಡಿದೆ. ಕುರ್ಚಿಯಿಂದ ಎದ್ದುಬಿಟ್ಟೆ. ಪಕ್ಕದ ಅಂಗಡಿಯಲ್ಲಿ ಗುಂಡಿ ಮಾರುವ ಜುಲ್ಮಾ, "ಏನಯ್ಯಾ, ಚೇಳು ಕಚ್ಚಿತಾ?" ಎಂದಳು.

ರಾಗನೊ ಅವರ ಅಚ್ಚಿನ ಕೆಳಮೂಲೆ ಕೂದಲೆಳೆಯಷ್ಟು ಮುರಿದಿದೆ. ನಿಮ್ಮದರಲ್ಲೂ ಇದೆ, ನನ್ನದರಲ್ಲೂ ಇದೆ. ಅದೊಂದರಿಂದಲೇ ತೀರ್ಪು ಕೊಡುವವನಲ್ಲ ನಾನು. ಮಿನರ್ವಾ ಎರಡರಲ್ಲೂ ಒಂದೇ ಕಡೆಗೆ ವಾಲಿದ್ದಾಳೆ. ಮುದ್ರೆ ಹೊಡೆದವನಿಗೆ ಆ ದಿನ ಹಸಿವಾಗಿತ್ತೋ ಏನೋ. ಎರಡೂ ಒಂದೇ ಬೆಳಿಗ್ಗೆ, ಒಂದೇ ಕೈಯಿಂದ ಪೆಟ್ಟು ತಿಂದವು. ಒಡಹುಟ್ಟಿದವು, ಮದಾಮ್.

ನನ್ನದು ಖೋಟಾ ಅಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಮುದ್ರೆಯ ಕಚೇರಿಯಲ್ಲಿ ಬೆಳ್ಳಿಯ ಕೆಳಗಿಡುವ ಉಕ್ಕಿನ ಅಡಿಗಲ್ಲಿನ ತುಂಬ ಪುಟ್ಟ ಹುಳುಗಳನ್ನು ಕೊರೆದಿರುತ್ತಾರೆ. ಮೇಲಿನಿಂದ ಮುದ್ರೆಯ ಪೆಟ್ಟು ಬಿದ್ದಾಗ ಕೆಳಗಿನಿಂದ ಹುಳುಗಳು ಬೆಳ್ಳಿಯನ್ನು ಕಚ್ಚುತ್ತವೆ. ಮಿನರ್ವಾಳ ಸರಿಯಾಗಿ ಬೆನ್ನಿಗೆ ಜೀರುಂಡೆಯ ಎರಡು ಕಾಲು ಕಂಡವು. ಕಳ್ಳ ಅಚ್ಚು ಮಾಡುವವರು ಮಿನರ್ವಾಳನ್ನು ಚೆನ್ನಾಗಿ ಮಾಡಿ, ಹುಳುಗಳನ್ನು ಮರೆಯುತ್ತಾರೆ.

ಈಗ ಸವೆತ. ಬಲಗೈಯಲ್ಲಿ ಸೂಪು ಕುಡಿಯುವವನ ಚಮಚ ಎಡ ಅಂಚಿನಲ್ಲಿ ಸವೆಯುತ್ತದೆ, ಎಡಗೈಯವನದು ಬಲ ಅಂಚಿನಲ್ಲಿ. ಇದರಲ್ಲಿ ಎರಡೂ ಇವೆ. ಎಡ ಅಂಚಿನಲ್ಲಿ ಸ್ವಲ್ಪ, ಇಪ್ಪತ್ತು ವರ್ಷದ್ದು. ಬಲ ಅಂಚಿನಲ್ಲಿ ಬಹಳ, ಅದರ ಎರಡರಷ್ಟು. ತುದಿಯ ದುಂಡು ಹೋಗಿ ಓರೆಯಾಗಿದೆ. ಇಬ್ಬರು ಉಂಡಿದ್ದಾರೆ: ಮೊದಲು ಬಲಗೈಯವನು, ಆಮೇಲೆ ಎಡಗೈಯವನು. ನಿಮ್ಮ ಸಂಬಂಧಿಕರು ಹೋದ ಮೇಲೆ ಯಾವನೋ ಕದ್ದು ಇಟ್ಟುಕೊಂಡ. ಹೆಸರನ್ನು ಕೆರೆದವನೂ ಅವನೇ.

ಒಂದು ಉಪಾಯ ಮಾಡಿದೆ. ಕೆರೆದು ತೆಗೆದ ಅಕ್ಷರ ಬೆಳ್ಳಿಯ ಒಳಗೆ ಉಳಿದಿರುತ್ತದೆ. ತಣ್ಣನೆಯ ಬೆಳಿಗ್ಗೆ ಬಾಯಿ ಹತ್ತಿರ ಹಿಡಿದು ಉಸಿರು ಬಿಡಬೇಕು. ಬಿಟ್ಟೆ. ಮಂಜು ಕೂತಿತು, ಮಂಜಿನಲ್ಲಿ ಬಂತು: ಆನ್ಸೆಲ್ಮ್. ಕೆಳಗೆ 1889. ಎರಡು ಎಣಿಸುವಷ್ಟರಲ್ಲಿ ಹೋಯಿತು. ಜುಲ್ಮಾಳಿಗೂ ತೋರಿಸಿದೆ. "ಮುಚ್ಚಿಡೋ ಅದನ್ನ. ಸತ್ತೋನು ಕಿಟಕಿಗೆ ಬಂದು ನೋಡ್ದ ಹಾಗಿದೆ," ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಅವಳು ದೇವರನ್ನು ನಂಬುವವಳಲ್ಲ.

ನಿಮ್ಮ ಸಂಬಂಧಿಕರ ಹೆಸರು ಅದೇ ತಾನೇ?

ಬಾ. ರುವಿಯೇರ್


ಲೋಶ್, 24 ಮಾರ್ಚ್ 1955

ಮೊಸ್ಯು,

ಆನ್ಸೆಲ್ಮ್ ಗಾರೊ. ನನ್ನ ಗಂಡ.

ದಯವಿಟ್ಟು ಅದರ ಮೇಲೆ ಇನ್ನೊಮ್ಮೆ ಉಸಿರು ಬಿಡಬೇಡಿ. ಬೇರೆಯವರಿಗೆ ತೋರಿಸಲೂಬೇಡಿ.

ಅವರು ಬಲಗೈಯವರು. ಹಾಗಾದರೆ ಕಳ್ಳನೇ ಸರಿ. ತಿಳಿಸಿದ್ದಕ್ಕೆ ಕೃತಜ್ಞತೆ. ನಿಜ ಹೇಳಬೇಕೆಂದರೆ ಮನಸ್ಸು ಹಗುರವಾಯಿತು.

ಚಮಚದ ಬೆಲೆ ತಿಳಿಸಿ. ನೀವು ಗೆದ್ದಿರಿ, ಇದು ಮೂರನೆಯ ಕಾಗದ. ಎಲ್ಲಿ ಕೊಂಡಿರಿ ಎಂಬುದನ್ನೂ ತಿಳಿಸಿ.

ಹೊನೊರಿನ್ ಗಾರೊ


ಸೇಂತ್-ಉವಾಂ, 29 ಮಾರ್ಚ್ 1955

ಮದಾಮ್ ಗಾರೊ,

ಬೆಲೆಗೆ ಅವಸರವಿಲ್ಲ, ಚಮಚವನ್ನು ಮಾರಾಟದ ಪೆಟ್ಟಿಗೆಯಿಂದ ತೆಗೆದು ಮೇಜಿನ ಖಾನೆಯೊಳಗಿಟ್ಟಿದ್ದೇನೆ. ಉಸಿರು ಬಿಟ್ಟಿಲ್ಲ. ನಿನ್ನೆ ಖಾನೆ ತೆರೆದಾಗ ಒಬ್ಬ ಬೆಲ್ಜಿಯಂನವನು ಕಂಡು ಕೇಳಿದ, ಇಲ್ಲವೆಂದೆ. "ಮಾರದೇ ಇರೋದನ್ನ ಅಂಗಡೀಲಿ ಯಾಕಿಟ್ಟಿದ್ದೀಯ?" ಎಂದ. "ಮುದುಕಿ ಹೆಂಡ್ತೀನ ಮನೇಲಿ ಯಾಕಿಟ್ಕೊಂಡಿದ್ದೀಯ?" ಎಂದೆ. ನಕ್ಕುಕೊಂಡು ಒಂದು ಸಾರಿನ ಸೌಟು ಒಯ್ದ.

ನಿಮ್ಮಲ್ಲಿ ಚಳಿ ಕಡಿಮೆಯಾಗಿರಬೇಕು. ಇಲ್ಲಿ ಆಲಿಕಲ್ಲು ಬಿತ್ತು.

ಬಾ. ರುವಿಯೇರ್


ಲೋಶ್, 14 ಏಪ್ರಿಲ್ 1955

ಮೊಸ್ಯು ರುವಿಯೇರ್,

ನಿಮ್ಮ ಕಾಗದದಲ್ಲಿ ಬೆಲ್ಜಿಯಂನವನಿದ್ದಾನೆ, ಹೆಂಡತಿ ಇದ್ದಾಳೆ, ಆಲಿಕಲ್ಲಿದೆ. ಎಲ್ಲಿ ಕೊಂಡಿರಿ ಎಂಬುದಿಲ್ಲ. ಮರೆತಿರೆಂದುಕೊಂಡಿದ್ದೆ. ಆರು ಸಾವಿರ ಮುದ್ರೆ ನೆನಪಿಟ್ಟವರು ಮರೆಯುವುದಿಲ್ಲ.

ಈಸ್ಟರಿನ ಭಾನುವಾರ ಎಂದಿನಂತೆ ಮೇಜು ಹಾಕಿದೆ. ಅವರ ತಟ್ಟೆಯ ಪಕ್ಕ ಫೋರ್ಕ್ ಇಟ್ಟೆ. ನಮ್ಮಲ್ಲಿ ಫೋರ್ಕನ್ನು ಮೊನೆ ಕೆಳಗೆ ಮಾಡಿಯೇ ಇಡುವುದು, ಕೊರೆದ ಹೆಸರು ಮೇಲೆ ಬರುವಂತೆ. ಮೂವತ್ತೊಂಬತ್ತು ವರ್ಷದಿಂದ ಭಾನುವಾರಕ್ಕೊಮ್ಮೆ ಆ ಹೆಸರು ಮೇಜಿನಿಂದ ನನ್ನನ್ನು ನೋಡುತ್ತದೆ. ಈ ಸಲ ಅದನ್ನು ನೋಡುತ್ತ ಕೂತಾಗ ಒಂದು ಮಾತು ಹೊಳೆಯಿತು, ಅದು ಬಿಡುತ್ತಿಲ್ಲ.

ಬೆಳ್ಳಿಯ ಚಮಚ ಕದ್ದವನು ಮಾರುತ್ತಾನೆ. ನಲವತ್ತು ವರ್ಷ ಅದರಲ್ಲಿ ಸೂಪು ಕುಡಿಯುವುದಿಲ್ಲ. ಮಾರುವವನು ಹೆಸರನ್ನು ನಿಮ್ಮಂಥವರಿಂದ ತೆಗೆಸುತ್ತಾನೆ, ಸಿಟ್ಟಿನಿಂದ ಚಾಕು ಹಿಡಿಯುವುದಿಲ್ಲ. ಇದು ನನಗೇ ತಿಳಿಯಿತೆಂದರೆ ನಿಮಗೆ ತಿಳಿಯದೆ ಇರುತ್ತದೆಯೇ?

ನಾನೂ ಒಂದನ್ನು ಮುಚ್ಚಿಟ್ಟೆ. ಚಮಚವನ್ನು ಅವರ ಚೀಲಕ್ಕೆ ಹಾಕಿದವಳು ನಾನೇ. ಫೋರ್ಕನ್ನೂ ಹಾಕಲು ಹೋದಾಗ, "ಅಲ್ಲಿ ಯಾರು ಫೋರ್ಕ್ ಹಿಡ್ಕೊಂಡು ಕೂರ್ತಾರೆ ಮಾರಾಯ್ತಿ? ಇಲ್ಲೇ ಇರ್ಲಿ. ಬಂದು ಅದ್ರಲ್ಲೇ ತಿಂತೀನಿ," ಎಂದರು. 1916ರ ಸೆಪ್ಟೆಂಬರಿನಲ್ಲಿ ಕಾಣೆಯಾದರೆಂದು ಸುದ್ದಿ ಬಂತು. ಮುಂದಿನ ವಸಂತದಲ್ಲಿ ಒಂದು ಕಾಗದ. ಸಹಿ ಇಲ್ಲ. ಮಕ್ಕಳು ಬರೆದಂಥ ಅಕ್ಷರ, ಹಿಂದಕ್ಕೆ ಬೀಳುವ ಹಾಗೆ ಓರೆ. 'ಕಾಯಬೇಡ' ಎಂದಷ್ಟೇ ಇತ್ತು. ಬೀದಿಯ ತುಂಟರು ಗೇಲಿ ಮಾಡಿದ್ದೆಂದು ತಿಳಿದು ಒಲೆಗೆ ಹಾಕಿದೆ. ಆಮೇಲೆ ಕಾದೆ.

ಬಲಗೈಯವನು ಎಡಗೈಯಲ್ಲಿ ಬರೆದರೆ ಅಕ್ಷರ ಹೇಗಿರುತ್ತದೆ, ಮೊಸ್ಯು?

ಅವರು ಅಂದೇ ಹೋದರೇ, ಅಥವಾ ಬದುಕಿದ್ದು ಬಾರದೆ ಉಳಿದರೇ, ಅದು ನನಗೆ ಬೇಕು. ಯಾವುದಾದರೂ ಸರಿ. ಆದರೆ ಎರಡರಲ್ಲಿ ಒಂದೇ ಬೇಕು. ಎರಡನ್ನೂ ಹೊತ್ತು ಮಲಗಲು ನನ್ನಿಂದಾಗದು.

ಹೊನೊರಿನ್ ಗಾರೊ


ಸೇಂತ್-ಉವಾಂ, 22 ಏಪ್ರಿಲ್ 1955

ಮದಾಮ್ ಹೊನೊರಿನ್,

ತಪ್ಪಾಯಿತು. 'ಇಬ್ಬರು ಉಂಡಿದ್ದಾರೆ' ಎಂದು ಬರೆಯುವಾಗಲೇ ನನ್ನ ಪೆನ್ನು ನಿಂತಿತ್ತು. ಹಿಡಿಯನ್ನು ನೋಡಿದ್ದೆ. ಹೆಬ್ಬೆರಳು ಕೂತ ಕಡೆ ಬೆಳ್ಳಿ ಕನ್ನಡಿಯಾಗುತ್ತದೆ. ಲೋಕದವರೆಲ್ಲ ಹಿಡಿಯ ನಡುವೆ ಹಿಡಿಯುತ್ತಾರೆ. ನಿಮ್ಮವರು ತೀರಾ ಮುಂದೆ, ಚಮಚದ ಬಟ್ಟಲು ಹಿಡಿಗೆ ಸೇರುವ ಕುತ್ತಿಗೆಯನ್ನೇ ಹಿಡಿಯುತ್ತಿದ್ದರು, ಅಲ್ಲವೇ? ಆ ಕನ್ನಡಿ ಒಂದೇ ಜಾಗದಲ್ಲಿದೆ, ಎರಡು ಪಕ್ಕಕ್ಕೂ ಓರೆಯಾಗಿದೆ. ಕೈ ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ. ಉಂಡವನು ಒಬ್ಬನೇ. ತಿಳಿದೂ ಕಳ್ಳನೊಬ್ಬನನ್ನು ಹುಟ್ಟಿಸಿ ನಿಮಗೆ ಕಳಿಸಿದೆ. ನನ್ನ ಕಸುಬಿನಲ್ಲಿ ಸುಳ್ಳಿಗೆ ಹೊಳಪು ಕೊಡುವುದು ಕಷ್ಟವಲ್ಲ.

ಎಲ್ಲಿ ಕೊಂಡೆ ಎಂಬುದು. ಫೆಬ್ರವರಿಯಲ್ಲಿ, ನಿಮ್ಮ ಊರಿಗೂ ತೂರ್‌ಗೂ ನಡುವೆ, ಕೊರ್ಮ್ಲೇ ಎಂಬ ಹಳ್ಳಿಯ ಹಸಿರು ಗೇಟಿನ ಆಶ್ರಮದಲ್ಲಿ. ಯುದ್ಧದಲ್ಲಿ ಅಂಗ ಕಳೆದುಕೊಂಡವರನ್ನು ಸನ್ಯಾಸಿನಿಯರು ನೋಡಿಕೊಳ್ಳುವ ಮನೆ. ವಾರಸುದಾರರಿಲ್ಲದವರ ಸಾಮಾನು ಒಂದು ಪೆಟ್ಟಿಗೆ ಕೊಟ್ಟರು. ಮೊನ್ನೆ ಮಂಗಳವಾರ ಮತ್ತೆ ಹೋಗಿದ್ದೆ.

ಸಿಸ್ಟರ್ ಯೂಲಾಲಿಗೆ ಎಂಬತ್ತು. ಬಟಾಣಿ ಬಿಡಿಸುತ್ತ ಕೂತಿದ್ದರು. ನಾನು ಚಮಚ ತೋರಿಸಿದೆ.

"ಅಯ್ಯೋ, ಗುರುವಾರದ ಮೊಸ್ಯು ಚಮಚ! ಇದನ್ಯಾಕಪ್ಪ ವಾಪಸ್ ತಂದೆ?"

"ಯಾಕೆ ಆ ಹೆಸರು, ಸಿಸ್ಟರ್?"

"ಹದಿನೇಳರಲ್ಲಿ ಒಂದು ಗುರುವಾರ ತಂದು ಬಿಟ್ರು. ಕಾಗದ ಇಲ್ಲ, ಪತ್ರ ಇಲ್ಲ. ಬಲಗೈ ಭುಜದಿಂದಲೇ ಇಲ್ಲ. ಕೆಳಗಿನ ದವಡೆನೂ ಇಲ್ಲ, ಮಾತಾಡೋದು ಹೇಗೆ? ಹೆಸರು ಬರಿ ಅಂತ ಸ್ಲೇಟು ಕೊಟ್ರೆ ಕಿಟಕಿ ಕಡೆ ತಿರುಗಿಬಿಡ್ತಿದ್ದ. ಇನ್ನೇನು ಮಾಡೋದು, ಬಂದ ವಾರದ ಹೆಸರಿಟ್ವಿ."

"ಚಮಚ ಯಾರು ಕೊಟ್ಟಿದ್ದು?"

"ಬೂಟಿನೊಳಗೆ ಇಟ್ಕೊಂಡು ಬಂದಿದ್ದ. ಹಿಂದೆ ಏನೋ ಬರೆದಿತ್ತು. ನಾನು ಓದೋಕೆ ಹೋದೆ ನೋಡು, ಆವತ್ತೇ ಸಂಜೆ ನನ್ನ ಅಡುಗೆಮನೆ ಚಾಕು ತಗೊಂಡು ಮೊಣಕಾಲಲ್ಲಿ ಚಮಚ ಒತ್ತಿ ಹಿಡ್ಕೊಂಡು ಕೆರೆದ. ಚಾಕು ಹಾಳಾಯ್ತು. ನಾನು ಬೈದೆ. ಈಗಲೂ ಬೇಜಾರು ನಂಗೆ."

"ಊಟ?"

"ಯಾವ ಊಟ? ಮೂವತ್ತೆಂಟು ವರ್ಷ ಸೂಪೇ. ಗೋಡೆ ಕಡೆ ಮುಖ ಮಾಡ್ಕೊಂಡು, ತಲೆ ಹಿಂದಕ್ಕೆ ಹಾಕ್ಕೊಂಡು ಸುರ್ಕೊಳ್ಳೋದು. ಒಂದ್ ದಿನ ಅಚಾತುರ್ಯವಾಗಿ ಫೋರ್ಕ್ ಇಟ್ಟುಬಿಟ್ಟೆ ಅವನ ಮುಂದೆ. ಅದನ್ನ ಕೈಲಿ ಹಿಡ್ಕೊಂಡು ಕೂತಿದ್ದ, ಸೂಪು ತಣ್ಣಗಾಗೋವರೆಗೂ. ಯಾಕೋ ಗೊತ್ತಿಲ್ಲಪ್ಪ."

ಅದು ಯಾಕೆಂದು ನನಗೆ ಗೊತ್ತಿತ್ತು. ನಾನು, ಬಾಸಿಲ್ ರುವಿಯೇರ್, ಬಟಾಣಿ ಬಿಡಿಸಿಕೊಡುತ್ತ ಕೂತೆ.

ಈ ಜನವರಿ ಹದಿನಾಲ್ಕರಂದು ಹೋದರು. ನಿದ್ದೆಯಲ್ಲಿ. ನೀವು ಕೇಳಿದ ಎರಡರಲ್ಲಿ ಒಂದು ಇದು.

ಸಿಸ್ಟರ್ ಇನ್ನೂ ಒಂದು ಮಾತು ಹೇಳಿದರು. ಅದನ್ನು ಬರೆಯುವುದಿಲ್ಲ. ಎತ್ತಿ ತೂಗಿ ನೋಡಿದೆ. ಅದರಿಂದ ನಿಮಗೆ ಉಪಯೋಗವಿಲ್ಲ.

ಚಮಚ ಈ ಪೊಟ್ಟಣದಲ್ಲಿದೆ. ಬೆಲೆಯ ಮಾತೆತ್ತಿದರೆ ನನಗೆ ಅವಮಾನ. ಹೊಳಪು ಕೊಟ್ಟಿಲ್ಲ. ಹೆಬ್ಬೆರಳಿನ ಕನ್ನಡಿ ಹಾಗೇ ಇದೆ. ಹೆಸರನ್ನು ಮತ್ತೆ ಕೊರೆಸಬೇಕೆಂದಿದ್ದರೆ ಹೇಳಿ, ಒಳ್ಳೆಯ ಕೈಯವನೊಬ್ಬ ಗೊತ್ತು.

ನಿಮ್ಮ ಬಾಸಿಲ್


ಲೋಶ್, 8 ಮೇ 1955, ಭಾನುವಾರ

ಬಾಸಿಲ್ ಅವರೇ,

ನೀವು ಬರೆಯದೆ ಬಿಟ್ಟ ಮಾತು ನನಗೆ ಗೊತ್ತು.

ಹಸಿರು ಗೇಟು ಎಂದಿರಿ. ಆ ಗೇಟಿನೆದುರು ಬಸ್ಸು ಎರಡು ನಿಮಿಷ ನಿಲ್ಲುತ್ತದೆ. ಗೇಟಿನ ಒಳಗೊಂದು ಬೆಂಚು. ಕಣ್ಣಿನವರೆಗೆ ಮಫ್ಲರ್ ಸುತ್ತಿಕೊಂಡ ಒಬ್ಬರು ಅಲ್ಲಿ ಕೂತಿರುತ್ತಿದ್ದರು. ಬೇಸಿಗೆಯಲ್ಲೂ ಮಫ್ಲರ್. ತೋಳಿಲ್ಲದ ಕಡೆ ಕೋಟಿನ ಕೈಯನ್ನು ಮಡಿಸಿ ಪಿನ್ನು ಹಾಕಿರುತ್ತಿತ್ತು. ವಿಧವೆಯ ಪಿಂಚಣಿಗೆಂದು ತಿಂಗಳ ಮೊದಲ ಮಂಗಳವಾರ ಹೋಗುತ್ತಿದ್ದೆ. ಬೇರೆ ದಿನ ಅವರು ಅಲ್ಲಿ ಕೂರುತ್ತಿದ್ದರೋ ಇಲ್ಲವೋ ಎಂದು ನಾನು ಯೋಚಿಸಲೂ ಇಲ್ಲ. ಸಿಸ್ಟರ್ ನಿಮಗೆ ಹೇಳಿದ್ದು ಅದೇ ಅಲ್ಲವೇ? ತಿಂಗಳಿಗೊಂದೇ ದಿನ ಎಂದು.

ಒಮ್ಮೆ, ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಹಿಂದೆ, ಅವರು ಎಡಗೈಯನ್ನು ಮಡಿಲಿನಿಂದ ಸ್ವಲ್ಪ ಎತ್ತಿದರು. ನನಗೆ ಹೆದರಿಕೆಯಾಯಿತು. ಮುಂದಿನ ತಿಂಗಳಿನಿಂದ ಬಸ್ಸಿನ ಆ ಕಡೆಯ ಕಿಟಕಿಗೆ ಕೂರುವುದನ್ನು ಬಿಟ್ಟೆ.

ಇದನ್ನು ಯಾರಿಗೂ ಹೇಳಿಲ್ಲ. ಈಗ ನಿಮಗೆ ಹೇಳಿದ್ದೇನೆ. ಸಮಾಧಾನ ಹೇಳಿ ಬರೆಯಬೇಡಿ.

ಮೊನ್ನೆ ಮಂಗಳವಾರ ಕೊರ್ಮ್ಲೇಯಲ್ಲಿ ಇಳಿದೆ. ಕಂಡಕ್ಟರ್, "ಅಮ್ಮಾ, ನಿಮ್ಮ ಸ್ಟಾಪ್ ಇದಲ್ಲ," ಎಂದ. "ಇದೇ," ಎಂದೆ. ಸಿಸ್ಟರ್ ಯೂಲಾಲಿ ಹಿತ್ತಲಿಗೆ ಕರೆದೊಯ್ದರು. ಮರದ ಶಿಲುಬೆ, ಅದರ ಮೇಲೆ 'ಗುರುವಾರದ ಮೊಸ್ಯು'. ನಾನು ಯಾರೆಂದು ಅವರು ಕೇಳಲಿಲ್ಲ. "ಸರಿಯಾದ ಹೆಸರು ಬರೆಸೋಣವಾ ಮಗಳೇ?" ಎಂದರು. ಅರವತ್ತಮೂರು ವರ್ಷದ ನನಗೆ ಮಗಳೇ ಎಂದರು. ಬೇಡವೆಂದೆ. ನನ್ನವರು ಚಾಕು ಹಿಡಿದು ತೆಗೆದದ್ದನ್ನು ಮತ್ತೆ ಕೊರೆಸಲು ನಾನು ಯಾರು? ನಿಮ್ಮ ಒಳ್ಳೆಯ ಕೈಯವನಿಗೂ ಅದೇ ಉತ್ತರ. ಗೇಟಿನ ಬೆಂಚಿನ ಮೇಲೆ ಕೂತೆ. ವಾಪಸ್ಸು ಬಸ್ಸು ಬಂತು. ಅಲ್ಲಿಂದ ನೋಡಿದರೆ ಕಿಟಕಿಯಲ್ಲಿ ಕೂತವರ ಮುಖ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಇವತ್ತು ಮೇಜು ಹಾಕಿದೆ. ಫೋರ್ಕನ್ನೂ ಚಮಚವನ್ನೂ ಪಕ್ಕಪಕ್ಕದಲ್ಲಿ ಬೋರಲಾಗಿ ಇಟ್ಟೆ. ಒಂದರ ಮೇಲೆ ಹೆಸರಿದೆ, ಇನ್ನೊಂದರ ಮೇಲೆ ಗೀರುಗಳಿವೆ. ನಿಮಗೆ ಬೇಡವೆಂದದ್ದನ್ನು ನಾನೇ ಮಾಡಿದೆ, ಉಸಿರು ಬಿಟ್ಟೆ. ಬಂದರು. ಹೋದರು.

ಆಮೇಲೆ ಆ ಚಮಚದಲ್ಲೇ ಲೀಕ್ ಸೊಪ್ಪಿನ ಸೂಪು ಕುಡಿಯಲು ಕೂತೆ. ಬಲಗೈಯಲ್ಲಿ ಆಗಲಿಲ್ಲ. ತುದಿ ಓರೆಯಾಗಿ ತುಟಿಗೆ ಚುಚ್ಚುತ್ತದೆ, ಸೂಪು ಗಲ್ಲಕ್ಕೆ ಇಳಿಯುತ್ತದೆ. ಮೂರು ಸಲ ನೋಡಿದೆ. ನಾಲ್ಕನೆಯ ಸಲ ಎಡಗೈಗೆ ಬದಲಿಸಿ ಚಮಚದ ಕುತ್ತಿಗೆಯ ಹತ್ತಿರ ಹಿಡಿದೆ. ಹೆಬ್ಬೆರಳಿಗೆ ಜಾಗ ಮೊದಲೇ ಮಾಡಿಟ್ಟಿತ್ತು.

ಸರಿಯಾಗಿ ಕೂತಿತು. ಒಂದು ಹನಿ ಚೆಲ್ಲಲಿಲ್ಲ.

ಹೊನೊರಿನ್